ರೊಟ್ಟಿ ಕೊಡಿ, ರೊಕ್ಕ ಕೊಡಬೇಡಿ

ನಮಸ್ಕಾರ, ಕಲಬುರಗಿಯಿಂದ ಮಾತಾಡುತ್ತಿದ್ದೇನೆ. ಕುಡಿತಕ್ಕೆ ಬಿದ್ದ ನಮ್ಮ ಅಣ್ಣನ ಕೈಗೆ ದುಡ್ಡು ಕೊಡುವುದಿಲ್ಲ ಅಂತ ಹೋದ ವಿಡಿಯೋದಲ್ಲಿ ಹೇಳಿದ್ದೆ. ಅದರ ಕೆಳಗೆ ಒಬ್ಬರು ಬರೆದಿದ್ದಾರೆ: "ಕುಡಿದ್ರೇನಾಯ್ತು, ಒಡಹುಟ್ಟಿದ ಅಣ್ಣ ಅಲ್ವಾ? ನೂರು ರೂಪಾಯಿ ಕೊಡೋಕೆ ಆಗಲ್ವಾ? ನಿನಗೆ ಕರುಳೇ ಇಲ್ಲ." ಎರಡು ದಿನದಿಂದ ಇದೇ ಮಾತು ಕೊರೆಯುತ್ತಿದೆ.

ಕೇಳಿ. ನಮ್ಮ ಅವ್ವ ರೊಟ್ಟಿ ಬುಟ್ಟಿಯಲ್ಲಿ, ಬಟ್ಟೆಯ ಕೆಳಗೆ, ಐನೂರರ ನೋಟು ಮಡಚಿ ಇಡುತ್ತಿದ್ದಳು. ಅಣ್ಣ ನೋಟು ತೆಗೆದುಕೊಂಡು ಹೋಗುತ್ತಿದ್ದ, ರೊಟ್ಟಿ ಹಾಗೇ ಒಣಗುತ್ತಿತ್ತು. ಒಂದು ವರ್ಷದ ತೊಗರಿ ದುಡ್ಡು ಹೀಗೇ ಕರಗಿತು. ಅದಕ್ಕೇ ಹೇಳುತ್ತೇನೆ, ರೊಟ್ಟಿ ಕೊಡಿ, ರೊಕ್ಕ ಕೊಡಬೇಡಿ.

"ಹಾಗಾದ್ರೆ ಕೋಣೆಯಲ್ಲಿ ಕೂಡಿ ಹಾಕಿ, ತಾನೇ ಬಿಡ್ತಾನೆ" ಅನ್ನುವವರೂ ಇದ್ದಾರೆ. ಅದನ್ನೂ ಮಾಡಿದೆವು. ಎರಡನೇ ದಿನ ಕೈ ಎಷ್ಟು ನಡುಗಿತು ಅಂದರೆ ನೀರಿನ ಲೋಟ ಹಲ್ಲಿಗೆ ಟಕಟಕ ಬಡಿಯುತ್ತಿತ್ತು. ಅವತ್ತೇ ರಾತ್ರಿ ಫಿಟ್ಸ್ ಬಂತು. ವರ್ಷಗಟ್ಟಲೆ ದಿನಾ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಇಲ್ಲದ್ದು ಕಾಣಿಸಬಹುದು, ಜೀವಕ್ಕೇ ಅಪಾಯ ಆಗಬಹುದು. ಬಿಡಿಸುವುದು ಡಾಕ್ಟರ ಕೆಲಸ. ಇನ್ನು ಗೊತ್ತಾಗದ ಹಾಗೆ ಸಾರಿನಲ್ಲಿ ಕುಡಿತ ಬಿಡಿಸುವ ಮಾತ್ರೆ ಕಲಸಬೇಡಿ, ದಯವಿಟ್ಟು. ಅದರ ಮೇಲೆ ಕುಡಿದರೆ ವಾಂತಿ, ಎದೆಬಡಿತ, ಬಿಪಿ ಕುಸಿತ, ಎಲ್ಲ ಆಗುತ್ತದೆ.

"ಶರಣಬಸವೇಶ್ವರ ಗುಡಿಯಲ್ಲಿ ಆಣೆ ಮಾಡಿಸಿ" ಅಂದರು. ಮಾಡಿಸಿದೆವು. ಅಣ್ಣ ಅತ್ತುಬಿಟ್ಟ, ಮನಸ್ಸಿನಿಂದಲೇ ಆಣೆ ಮಾಡಿದ. ಹೊರಗೆ ಬಂದರೆ ನಮ್ಮ ಸಂಬಂಧಿಕರೇ ಒಬ್ಬರು "ಪಾಪ, ಚಾ ಕುಡಿ" ಅಂತ ಇನ್ನೂರು ಕೈಗಿಟ್ಟರು. ಇನ್ನೂರು ರೂಪಾಯಿಗೆ ಚಾ ಎಲ್ಲಿ ಸಿಗುತ್ತದೆ ಹೇಳಿ! ರೊಟ್ಟಿ ಕೊಡಿ ಸ್ವಾಮಿ, ರೊಕ್ಕ ಯಾಕೆ ಕೊಡುತ್ತೀರಿ?

"ಸರಕಾರವೇ ಕುಡಿತ ಬಂದ್ ಮಾಡಬೇಕು" ಅಂತೀರಾ? 2007ರಲ್ಲಿ ಸಾರಾಯಿ ಬಂದ್ ಮಾಡಿದರಲ್ಲ, ಕುಡಿತ ನಿಂತಿತಾ?

ಈಗ ನಮ್ಮ ಮನೆಯಲ್ಲಿ ಹೀಗಿದೆ. ಆಸ್ಪತ್ರೆ ಬಿಲ್ ನಾನು ಕಟ್ಟುತ್ತೇನೆ, ಅಂಗಡಿ ಸಾಲ ಕಟ್ಟುವುದಿಲ್ಲ. ವೈನಿ, ಅಂದರೆ ಅಣ್ಣನ ಹೆಂಡತಿ, ಅವನ ಕೆಲಸದ ಮಾಲಕರಿಗೆ ಫೋನು ಮಾಡಿ "ಇವರಿಗೆ ಜ್ವರ" ಅಂತ ಸುಳ್ಳು ಹೇಳುವುದಿಲ್ಲ. ಅಣ್ಣ ಕೈ ಎತ್ತಿದ ದಿನ ವೈನಿ ಮಕ್ಕಳನ್ನು ಕರೆದುಕೊಂಡು ತವರಿಗೆ ಹೋಗುತ್ತಾಳೆ, ಇದನ್ನು ಅಣ್ಣ ಕುಡಿಯದೆ ಇದ್ದ ಬೆಳಿಗ್ಗೆ ಕೂರಿಸಿಕೊಂಡು ಹೇಳಿದ್ದೇವೆ. ನಿಮಗೂ ದಾರಿ ಕಾಣದಿದ್ದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ ನಂಬರ್ 14416ಕ್ಕೆ ಫೋನು ಮಾಡಿ, ದುಡ್ಡು ಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಚಾನೆಲ್ ಸಬ್‌ಸ್ಕ್ರೈಬ್ ಮಾಡಿ. ಈ ವಿಡಿಯೋವನ್ನು ಮನೆಯ ವಾಟ್ಸಾಪ್ ಗ್ರೂಪಿಗೆ ಹಾಕಿ, ಅದರಲ್ಲೂ ನೋಟು ಕೊಡುವ ಕಾಕಾ, ಮಾಮಾಗಳು ನೋಡಲಿ.

ಇವತ್ತು ಮಧ್ಯಾಹ್ನವೂ ಅಣ್ಣ ಬಂದು ನೂರು ಕೇಳಿದ. ಕೊಡಲಿಲ್ಲ. ಎರಡು ಬಿಸಿ ರೊಟ್ಟಿ, ಪುಂಡಿಪಲ್ಯ ಬಡಿಸಿ ಪಕ್ಕದಲ್ಲೇ ಕೂತೆ. ಕರುಳಿಲ್ಲ ಅಂತೀರಾ? ಅನ್ನಿ. ನಾಳೆಯೂ ರೊಟ್ಟಿ ಕೊಡುತ್ತೇನೆ, ರೊಕ್ಕ ಕೊಡುವುದಿಲ್ಲ.