ಗೊತ್ತಿದ್ದೂ ನೆನಪಾಗದ ಪದ

ಕೇಳುಗರೆಲ್ಲರಿಗೂ ನಮಸ್ಕಾರ.

ಕಥೆಯೋ ಲೇಖನವೋ ಪತ್ರವೋ, ಏನನ್ನಾದರೂ ಬರೆಯಲು ಕುಳಿತಾಗ ವಾಕ್ಯದ ನಡುವೆ ಕೈ ನಿಂತುಹೋದ ಅನುಭವ ನಿಮ್ಮೆಲ್ಲರಿಗೂ ಆಗಿರುತ್ತದೆ. ಹೇಳಬೇಕಾದದ್ದು ಮನಸ್ಸಿನಲ್ಲಿ ನಿಚ್ಚಳವಾಗಿದೆ, ಅದಕ್ಕೊಂದು ಪದ ಇದೆ ಎಂಬುದೂ ಗೊತ್ತು, ಆದರೆ ಆ ಪದ ನಾಲಿಗೆಯ ತುದಿಯವರೆಗೆ ಬಂದು ಹಿಂದಕ್ಕೆ ಸರಿದುಬಿಡುತ್ತದೆ. ಆ ಗಳಿಗೆಯಲ್ಲಿ ನಿಘಂಟಿನಿಂದ ಪ್ರಯೋಜನವಿಲ್ಲ. ನಿಘಂಟನ್ನು ತೆರೆಯಬೇಕಾದರೆ ಪದ ಮೊದಲೇ ಗೊತ್ತಿರಬೇಕು. ಪದ ಕೊಟ್ಟರೆ ಅದು ಅರ್ಥ ಹೇಳುತ್ತದೆ. ಅರ್ಥ ಕೊಟ್ಟರೆ ಪದ ಹೇಳುವ ಪುಸ್ತಕ ಬೇರೆಯೇ ಇದೆ. ಅದೇ ಪರ್ಯಾಯ ಪದಕೋಶ, ಇಂಗ್ಲಿಷಿನವರು ಥೆಸಾರಸ್ ಎಂದು ಕರೆಯುವ ಪುಸ್ತಕ. ಗ್ರೀಕ್ ಮೂಲದ ಆ ಮಾತಿಗೆ ಭಂಡಾರ ಎಂದು ಅರ್ಥ. ನಿಮಗೆ ಗೊತ್ತಿರುವ ಪದವನ್ನೇ ನಿಮಗೆ ಮರಳಿ ಕೊಡುವುದು ಈ ಪುಸ್ತಕದ ಕೆಲಸ. ಇವತ್ತು ನಾನು ಹೇಳಲು ಬಂದಿರುವುದು ಇದೊಂದೇ ಮಾತನ್ನು.

ಒಂದೇ ಅರ್ಥದ ಎರಡು ಪದಗಳು ಇರುವುದಿಲ್ಲ. ಸಿಟ್ಟು, ಕೋಪ, ಮುನಿಸು, ಸೆಡವು, ರೋಷ, ಆಕ್ರೋಶ ಇವೆಲ್ಲ ಒಂದೇ ಓಣಿಯಲ್ಲಿ ವಾಸಿಸುತ್ತವೆ, ಆದರೆ ಒಂದೇ ಮನೆಯಲ್ಲಲ್ಲ. ಮುನಿಸು ಹುಟ್ಟಬೇಕಾದರೆ ಪ್ರೀತಿ ಇರಬೇಕು. ಗುರುತಿಲ್ಲದವರ ಮೇಲೆ ಯಾರೂ ಮುನಿಸಿಕೊಳ್ಳುವುದಿಲ್ಲ. ಸೆಡವು ಬಾಯಿ ಬಿಡುವುದಿಲ್ಲ, ಮುಖ ತಿರುಗಿಸುತ್ತದೆ. ಆಕ್ರೋಶಕ್ಕೆ ದನಿ ಬೇಕು. ಇದನ್ನು ನಿಮಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಆರು ಪದಗಳನ್ನು ಒಂದರ ಪಕ್ಕದಲ್ಲಿ ಒಂದು ಇಟ್ಟು ತೋರಿಸಿದರೆ ಸಾಕು, ಯಾವುದು ಬೇಕೆಂದು ನಿಮ್ಮ ಕಿವಿಯೇ ಹೇಳುತ್ತದೆ. ಹಾಗೆ ಪಕ್ಕದಲ್ಲಿ ಇಟ್ಟು ತೋರಿಸುವ ಪುಸ್ತಕವೇ ಒಳ್ಳೆಯ ಪದಕೋಶ.

ಇದು ಈಚಿನ ಕಲ್ಪನೆಯೂ ಅಲ್ಲ. ಸಂಸ್ಕೃತದ ಅಮರಕೋಶ ಅಕಾರಾದಿಯಾಗಿ ಇಲ್ಲ. ಮೂರು ಕಾಂಡಗಳಲ್ಲಿ ಆಕಾಶ, ಕಾಲ, ಭೂಮಿ, ಪಟ್ಟಣ, ಬೆಟ್ಟ, ಗಿಡಮೂಲಿಕೆ, ಮನುಷ್ಯ ಎಂದು ವಿಷಯಗಳ ವರ್ಗ ಮಾಡಿ, ಬಾಯಿಪಾಠ ಮಾಡಲು ಅನುಕೂಲವಾಗುವಂತೆ ಶ್ಲೋಕಗಳಲ್ಲಿ ಪದಗಳನ್ನು ಪೋಣಿಸಿದ್ದಾನೆ ಅಮರಸಿಂಹ. ನೀರಿಗೆ ಅವನು ಕೊಡುವ ಹೆಸರುಗಳಲ್ಲಿ ಸಲಿಲ, ಜಲಗಳ ಜೊತೆಗೆ ಅಮೃತ, ಜೀವನ, ವನ ಎಂಬವೂ ಇವೆ. ಇಂಗ್ಲಿಷಿನಲ್ಲಿ ಈ ಕೆಲಸ ಮಾಡಿದವನು ಪೀಟರ್ ಮಾರ್ಕ್ ರೋಜೆ ಎಂಬ ವೈದ್ಯ. 1805ರಲ್ಲಿ ತನ್ನ ಸ್ವಂತ ಬರವಣಿಗೆಯ ಅನುಕೂಲಕ್ಕೆಂದು ಒಂದು ಪುಟ್ಟ ಪಟ್ಟಿ ಮಾಡಿಕೊಂಡ. ವೃತ್ತಿಯ ನಡುವೆ ದಶಕಗಳ ಕಾಲ ಅದನ್ನು ಬಳಸಿ, ಕೊನೆಗೆ 1852ರಲ್ಲಿ, ತನ್ನ 73ನೆಯ ವಯಸ್ಸಿನಲ್ಲಿ, ಆರು ವರ್ಗ ಮತ್ತು ಸಾವಿರ ಶೀರ್ಷಿಕೆಗಳ ಪುಸ್ತಕವಾಗಿ ಹೊರತಂದ. ಅಷ್ಟು ಓದಿದ್ದ ಮನುಷ್ಯನಿಗೂ ತನ್ನ ಪದಗಳು ಬೇಕೆಂದಾಗ ಕೈಗೆ ಸಿಗುತ್ತಿರಲಿಲ್ಲ ಎಂಬುದನ್ನು ದಯವಿಟ್ಟು ಗಮನಿಸಿ. ಏಕೆಂದರೆ, ಪದಕೋಶ ನೋಡುವುದು ಪದದಾರಿದ್ರ್ಯ ಇರುವವರ ಕೆಲಸ ಎಂದು ಹೇಳುವವರು ಇವತ್ತಿಗೂ ಇದ್ದಾರೆ. ಆ ಮಾತನ್ನು ಕೇಳಿ ಕೇಳಿ ನನಗೆ ಸಾಕಾಗಿದೆ.

ಇಲ್ಲಿ ಒಂದು ಪ್ರಸಂಗವನ್ನು ಹೇಳಲೇಬೇಕು. ಕೆಲವು ವರ್ಷಗಳ ಹಿಂದೆ ಒಂದು ಕಥಾ ಕಮ್ಮಟದಲ್ಲಿ ಒಬ್ಬ ತರುಣಿ ತನ್ನ ಮೊದಲ ಕಥೆಯನ್ನು ತಂದು ಕೊಟ್ಟಳು. ಆರು ವರ್ಷ ದೂರವಿದ್ದ ಮಗ ಮನೆಗೆ ಬರುತ್ತಾನೆ, ತಾಯಿ ಬಾಗಿಲಲ್ಲಿ ನಿಂತಿದ್ದಾಳೆ. ಕಥೆ ಚೆನ್ನಾಗಿತ್ತು. ಆದರೆ ನಾಲ್ಕು ಪುಟಗಳಲ್ಲಿ 'ನೋಡಿದಳು' ಎಂಬ ಪದ 11 ಸಲ ಬಂದಿತ್ತು. ನಾನು ಹನ್ನೊಂದಕ್ಕೂ ಪೆನ್ಸಿಲಿನಿಂದ ಅಡಿಗೆರೆ ಎಳೆದು, ಏನೂ ವಿವರಿಸದೆ ಹಿಂತಿರುಗಿಸಿದೆ. ಮರುದಿನ ಬೆಳಿಗ್ಗೆ ಆಕೆ ತಿದ್ದಿದ ಪ್ರತಿಯೊಂದಿಗೆ ಬಂದಳು. ತಾಯಿ ಮಗನನ್ನು ಅವಲೋಕಿಸಿದ್ದಳು, ಒಲೆಯನ್ನು ವೀಕ್ಷಿಸಿದ್ದಳು, ಅವನ ಚೀಲವನ್ನು ಪರಿಶೀಲಿಸಿದ್ದಳು, ಬೀದಿಯತ್ತ ದೃಷ್ಟಿ ಬೀರಿದ್ದಳು. ಹಿಂದಿನ ದಿನ ಉಸಿರಾಡುತ್ತಿದ್ದ ತಾಯಿ ಒಂದೇ ರಾತ್ರಿಯಲ್ಲಿ ಕಚೇರಿಯ ಅಧಿಕಾರಿಯಾಗಿದ್ದಳು. ಆ ಪದಗಳೆಲ್ಲ ಪರೀಕ್ಷೆಗೆ ಓದುವ ಮಕ್ಕಳಿಗಾಗಿ ಅಚ್ಚು ಹಾಕಿದ ಸಮಾನಾರ್ಥಕ ಪದಗಳ ಒಂದು ಪಟ್ಟಿಯಿಂದ ಬಂದಿದ್ದವು. ತಪ್ಪು ಆಕೆಯದಲ್ಲ, ವಿವರಣೆಯಿಲ್ಲದ ಅಡಿಗೆರೆ ಎಳೆದವನು ನಾನು.

ನಾನು ಬಹುಕಾಲದಿಂದ ವಿಷಯವಾರು ಪದಗಳನ್ನು ಬರೆದಿಡುವ ಒಂದು ದಪ್ಪ ನೋಟುಬುಕ್ಕು ಇದೆ. ಅದನ್ನು ತಂದು ಇಬ್ಬರೂ ಕುಳಿತೆವು. 'ನೋಟ' ಎಂಬ ಪುಟವನ್ನು ಆಕೆಯಿಂದಲೇ ಗಟ್ಟಿಯಾಗಿ ಓದಿಸಿದೆ: ದಿಟ್ಟಿಸು, ನಿರುಕಿಸು, ಇಣುಕು, ಕಣ್ಣಾಡಿಸು, ಕಣ್ಣು ಹಾಯಿಸು, ದುರುಗುಟ್ಟು, ಕೆಕ್ಕರಿಸು. ಇಣುಕುವವಳಿಗೆ ತಾನು ಕಾಣಬಾರದು ಎಂಬ ಆಸೆಯಿರುತ್ತದೆ. ಕಣ್ಣಾಡಿಸುವವಳಿಗೆ ಅವಸರವಿರುತ್ತದೆ. ದಿಟ್ಟಿಸುವವಳು ಏನನ್ನೋ ಖಚಿತಪಡಿಸಿಕೊಳ್ಳುತ್ತಿರುತ್ತಾಳೆ. ಪ್ರತಿ ಪದಕ್ಕೂ ಆಕೆ ತಲೆಯಾಡಿಸಿ, "ಇದಲ್ಲ ಸರ್" ಎನ್ನುತ್ತಿದ್ದಳು. ಹಾಗಾದರೆ ತಾಯಿ ಮಾಡುತ್ತಿರುವುದಾದರೂ ಏನು ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ಮಗ ಸೊರಗಿದ್ದಾನೇನೋ ಎಂದು ಮುಟ್ಟಿ ನೋಡಬೇಕು ಅನ್ನಿಸುತ್ತಿದೆ ಸರ್ ಅವಳಿಗೆ. ಆದರೆ ಬೆಳೆದ ಮಗ, ಆರು ವರ್ಷ ಆಗಿದೆ, ಸಂಕೋಚ." ನೋಟದ ಎದುರು ಪುಟವೇ ಸ್ಪರ್ಶ. ಮುಟ್ಟು, ಸವರು, ನೇವರಿಸು, ತಡವು, ಮೈದಡವು. ಆಕೆಯ ಬೆರಳು ಅಲ್ಲಿಯೇ ನಿಂತಿತು. ಪಕ್ಕದಲ್ಲಿದ್ದ ಹಾಳೆಯ ಮೇಲೆ ಬರೆದಳು: "ಬಾಗಿಲಲ್ಲಿ ನಿಂತೇ ತಾಯಿ ಮಗನನ್ನು ಕಣ್ಣಿನಿಂದ ಮೈದಡವಿದಳು."

ಮೈದಡವು ಎಂಬ ಪದ ಆಕೆಗೆ ಚಿಕ್ಕಂದಿನಿಂದ ಗೊತ್ತಿತ್ತು. ಪುಸ್ತಕ ಅದನ್ನು ಕಲಿಸಲಿಲ್ಲ, ಮರಳಿ ಕೊಟ್ಟಿತು. ಉಳಿದ ಹತ್ತರಲ್ಲಿ ಒಂದು 'ಇಣುಕಿದಳು' ಆಯಿತು, ಒಂದು ವಾಕ್ಯವನ್ನೇ ಆಕೆ ಹೊಡೆದುಹಾಕಿದಳು, ಎಂಟು ಕಡೆ 'ನೋಡಿದಳು' ಎಂಬುದೇ ತನ್ನ ಜಾಗಕ್ಕೆ ಹಿಂತಿರುಗಿತು. ಅದೂ ಪದಕೋಶದಿಂದ ಆದ ಲಾಭವೇ. ಬೇರೆಲ್ಲ ಪದಗಳನ್ನು ಪಕ್ಕದಲ್ಲಿಟ್ಟು ನೋಡಿದ ಮೇಲೆ ಉಳಿದ 'ನೋಡಿದಳು', ಬೇರೇನೂ ತೋಚದೆ ಬರೆದ 'ನೋಡಿದಳು' ಅಲ್ಲ.

ಈ ಪ್ರಸಂಗಕ್ಕೇ ಹೆಚ್ಚು ಸಮಯ ಹೋಯಿತು, ಆದ್ದರಿಂದ ಉಳಿದದ್ದನ್ನು ಬೇಗ ಹೇಳುತ್ತೇನೆ. ಕೊಳ್ಳುವಾಗ ವಿಷಯವಾರು ಜೋಡಿಸಿದ ಪದಕೋಶವನ್ನೇ ಆರಿಸಿಕೊಳ್ಳಿ. ನೋಟದ ಪಕ್ಕದಲ್ಲಿ ಸ್ಪರ್ಶ ಇರುವುದು ಅಂಥದರಲ್ಲಿ ಮಾತ್ರ. ಅಕಾರಾದಿಯಲ್ಲಿ ನೋಟದ ಪಕ್ಕ ನೋವು ಬರುತ್ತದೆ. ಕೊನೆಯಲ್ಲಿ ಪದಸೂಚಿ ಇದೆಯೇ ನೋಡಿ, ಇಲ್ಲದಿದ್ದರೆ ಹುಡುಕುವುದರಲ್ಲಿಯೇ ಬರೆಯುವ ಹುಮ್ಮಸ್ಸು ಇಳಿದುಹೋಗುತ್ತದೆ. ಫೋನಿನಲ್ಲಿ ಸಿಗುವ ನಾಲ್ಕು ಪದಗಳ ಪಟ್ಟಿಯನ್ನು ಪದಕೋಶವೆಂದು ತಿಳಿಯಬೇಡಿ. ಮೊದಲ ಸಲ ಬರೆಯುವಾಗ ಪುಸ್ತಕ ಮುಚ್ಚಿರಲಿ, ತಿದ್ದುವಾಗ ತೆರೆಯಿರಿ. ನಿಮ್ಮ ಬಾಯಲ್ಲಿ ಎಂದೂ ಆಡದ ಪದವನ್ನು ಅಲ್ಲಿಂದ ಎತ್ತಿಕೊಳ್ಳಬೇಡಿ, ಗೊತ್ತಿರುವುದನ್ನು ಮರಳಿ ಪಡೆಯಿರಿ.

ಪುಸ್ತಕ ಸಿಗದಿದ್ದರೆ ನೀವೇ ಒಂದು ನೋಟುಬುಕ್ಕು ಮಾಡಿಕೊಳ್ಳಿ. ಪುಟಕ್ಕೊಂದು ಶೀರ್ಷಿಕೆ ಬರೆದು, ಕಿವಿಗೆ ಬಿದ್ದ ಪದವನ್ನು ಅಂದೇ ಅದರ ಪುಟಕ್ಕೆ ಸೇರಿಸಿ. ನೋಟ, ನಗು, ನಡಿಗೆ ಈ ಮೂರರಿಂದ ಆರಂಭಿಸಬಹುದು. ನಡಿಗೆಗೆ ಮಾತ್ರ ಎರಡು ಪುಟ ಬಿಡಿ. ಕುಂಟು, ತೆವಳು, ತೂರಾಡು, ಅಡ್ಡಾಡು, ಅಂಬೆಗಾಲು, ದಾಪುಗಾಲು ಎಂದು ಬರೆಯುತ್ತಾ ಹೋದರೆ ಒಂದು ಪುಟ ವಾರದೊಳಗೆ ತುಂಬುತ್ತದೆ.

ನಮಸ್ಕಾರ.