ನೊಣ ತಿನ್ನುವ ಗಿಡಕ್ಕೆ ಯಾವ ಮಣ್ಣು?

ಈ ಚೀಲದ ಹಿಂಬದಿ ನೋಡಿ. ಮುಂದೆ ದೊಡ್ಡದಾಗಿ ಪೀಟ್ ಮಾಸ್ ಅಂತ ಇದೆ, ಅಂದರೆ ಜೌಗಿನಲ್ಲಿ ಅರೆಕೊಳೆತ ಸ್ಫ್ಯಾಗ್ನಮ್ ಪಾಚಿ. ಹಿಂದೆ ಸಣ್ಣ ಅಕ್ಷರದಲ್ಲಿ, ಎನ್‌ಪಿಕೆ ಗೊಬ್ಬರ ಸೇರಿಸಲಾಗಿದೆ. ಆಂಥೂರಿಯಂಗೆ ಇದು ಒಳ್ಳೆಯದೇ. ನೊಣ ಹಿಡಿಯುವ ನನ್ನ ವೀನಸ್ ಫ್ಲೈಟ್ರ್ಯಾಪ್‌ಗೆ ಮಾತ್ರ ವಿಷ.

ನಮಸ್ಕಾರ, ಮಡಿಕೇರಿಯಿಂದ. ಕೊಡಗಿನಲ್ಲಿ ಒಳ್ಳೆ ಮಣ್ಣಿಗೇನು ಬರ? ಕಾಫಿ ಗಿಡದ ಬುಡ ಕೆದಕಿದರೆ ಕೊಳೆತ ಎಲೆ, ಕಪ್ಪು ಮಣ್ಣು. ಅದನ್ನೇ ಹಾಕಿದರೆ ಆಗಲ್ವಾ ಅಂತ ನಮ್ಮನೆಗೆ ಬಂದವರೆಲ್ಲ ಕೇಳುತ್ತಾರೆ. ಆಗುವುದಿಲ್ಲ. ತೋಟದ ಮಣ್ಣಿಗೆ ಗೊಬ್ಬರ ಬಿದ್ದಿರುತ್ತದೆ, ಸುಣ್ಣವೂ ಬಿದ್ದಿರುತ್ತದೆ. ಈ ಗಿಡಗಳು ಸತ್ವವಿಲ್ಲದ, ಹುಳಿ ಅಂಶದ ಜೌಗು ನೆಲದವು. ನೆಲದಲ್ಲಿ ನೈಟ್ರೋಜನ್ ಸಾಲದೆ ಹೋದದ್ದಕ್ಕೇ ಹುಳ ಹಿಡಿಯುತ್ತವೆ. ನಮ್ಮ ಪಶ್ಚಿಮ ಘಟ್ಟದ ಡ್ರೋಸೆರಾನೇ ನೋಡಿ, ಎಲೆಯ ಅಂಟಿನಲ್ಲಿ ಹುಳ ಹಿಡಿಯುವ ಗಿಡ ಅದು, ನೀರು ಒಸರುವ ಹಾಸುಬಂಡೆಯ ಮೇಲೆ, ಮಣ್ಣು ಇದೆಯೋ ಇಲ್ಲವೋ ಅನ್ನುವಂಥ ಕಡೆ ಬೆಳೆಯುತ್ತದೆ. ಗೊಬ್ಬರ, ಉಪ್ಪಿನಂಶ ತಗುಲಿದರೆ ಬೇರು ಸುಟ್ಟುಹೋಗುತ್ತದೆ.

ಹಾಗಾಗಿ ನಾನು ಹಾಕುವುದು ಎರಡೇ. ಏನೂ ಬೆರೆಸದ ಸ್ಫ್ಯಾಗ್ನಮ್ ಪೀಟ್ ಅರ್ಧ, ಪರ್ಲೈಟ್, ಅಂದರೆ ಕಾಯಿಸಿ ಅರಳಿಸಿದ ಹಗುರ ಬಿಳಿ ಕಲ್ಲಿನ ಹರಳು, ಅರ್ಧ. ಫ್ಲೈಟ್ರ್ಯಾಪ್, ಡ್ರೋಸೆರಾ ಎರಡಕ್ಕೂ ನಡೆಯುತ್ತದೆ. ಹೂಜಿ ಗಿಡ, ಅಂದರೆ ನೆಪೆಂಥಿಸ್, ಸ್ವಲ್ಪ ಗಾಳಿಯಾಡುವುದನ್ನು ಕೇಳುತ್ತದೆ. ಅದಕ್ಕೆ ಪೀಟ್ ಬದಲು ಉದ್ದ ಎಳೆಯ ಸ್ಫ್ಯಾಗ್ನಮ್. ಪರ್ಲೈಟ್ ಚೀಲ ಬಿಚ್ಚಿದ ಕೂಡಲೇ ನೀರು ಚಿಮುಕಿಸಿ, ಆ ಬಿಳಿ ಧೂಳು ಮೂಗಿಗೆ ಹೋಗಬಾರದು. ಸ್ಫ್ಯಾಗ್ನಮ್ ಮುಟ್ಟುವಾಗ ಗ್ಲೌಸ್ ಹಾಕಿಕೊಳ್ಳಿ. ಅದರಲ್ಲಿರುವ ಒಂದು ಶಿಲೀಂಧ್ರ ಗಾಯದ ಮೂಲಕ ಚರ್ಮಕ್ಕೆ ಸೇರಬಹುದು. ಒಣ ಪೀಟ್ ನೀರನ್ನು ಸುಲಭಕ್ಕೆ ಒಳಗೆ ಬಿಡುವುದಿಲ್ಲ. ಉಗುರು ಬೆಚ್ಚಗಿನ ನೀರು ಹಾಕಿ ಅಕ್ಕಿ ರೊಟ್ಟಿ ಹಿಟ್ಟಿನ ಹಾಗೆ ನಾದಿ. ಹಿಂಡಿದರೆ ಎರಡು ಹನಿ ತೊಟ್ಟಿಕ್ಕಬೇಕು, ಅಷ್ಟೇ.

ಮಳೆಗಾಲದಲ್ಲಿ ಮರದ ತುಂಬ ಪಾಚಿ ಇರುತ್ತದಲ್ಲ, ಅದು ಸ್ಫ್ಯಾಗ್ನಮ್ ಅಲ್ಲ. ಸುಮ್ನೆ ಕೀಳಬೇಡಿ.

ಈಗ ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ. ಅಗ್ಗ, ಎಲ್ಲ ನರ್ಸರಿಯಲ್ಲೂ ಸಿಗುತ್ತದೆ. ಇದನ್ನು ಮಳೆನೀರಲ್ಲಿ ನೆನೆಸಿ, ಹಿಂಡಿದ ನೀರಿಗೆ ಟಿಡಿಎಸ್ ಮೀಟರ್ ಇಡುತ್ತಿದ್ದೇನೆ, ನೀರಲ್ಲಿ ಕರಗಿದ ಉಪ್ಪು, ಖನಿಜ ಅಳೆಯುವುದು ಇದು. ನೋಡಿ, ನಾನೂರು ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗದಲ್ಲಿ ನಾನೂರು, ದಾಟಿತು! ನೆನೆಸುವ ಮೊದಲು ಅದೇ ಮಳೆನೀರು ಹತ್ತರ ಆಸುಪಾಸಿನಲ್ಲಿತ್ತು. ಈ ಗಿಡಗಳಿಗೆ ಹಾಕುವ ನೀರು 50 ಪಿಪಿಎಂ ಒಳಗಿರುವುದು ಒಳ್ಳೆಯದು. ನಾರಿನಲ್ಲಿರುವ ಉಪ್ಪು ಇದು. ತೊಳೆದು ತೊಳೆದು ಬಳಸುವವರಿದ್ದಾರೆ. ನನಗೆ ಅಷ್ಟು ತಾಳ್ಮೆ ಇಲ್ಲಪ್ಪ.

ಪರ್ಲೈಟ್ ಸಿಗದಿದ್ದರೆ ದಪ್ಪ ಮರಳು ತೊಳೆದು ಹಾಕಬಹುದು. ಮೊದಲು ಒಂದು ಚಮಚ ಮರಳಿಗೆ ವಿನೆಗರ್ ಬಿಡಿ. ಬುಸ್ ಅಂತ ನೊರೆ ಬಂದರೆ ಅದರಲ್ಲಿ ಸುಣ್ಣದಂಶ ಇದೆ, ಬೇಡ. ಸಮುದ್ರದ ಮರಳಂತೂ ಬೇಡವೇ ಬೇಡ. ಕುಂಡ ಪ್ಲಾಸ್ಟಿಕ್‌ನದೇ ಇರಲಿ, ಮಣ್ಣಿನ ಕುಂಡದಿಂದ ಖನಿಜ ಇಳಿಯುತ್ತದೆ.

ನೀರಿಗೆ ನಮಗೆ ಯೋಚನೆಯಿಲ್ಲ, ಮಾಡಿನಿಂದ ಬೇಕಾದಷ್ಟು ಬೀಳುತ್ತದೆ. ಮೊದಲ ಮಳೆಯ ನೀರು ಮಾತ್ರ ಹಿಡಿಯಬೇಡಿ, ಧೂಳೆಲ್ಲ ಅದರಲ್ಲೇ ಬರುತ್ತದೆ. ಇನ್ನೊಂದು, ತೋಟದವರಿಗೆ ಮುಖ್ಯ. ಮಳೆಗೆ ಮುಂಚೆ ಕಾಫಿಗೆ, ಮೆಣಸಿಗೆ ಬೋರ್ಡೋ ಹೊಡೆಯುತ್ತೀರಲ್ಲ, ಅದು ಮೈಲುತುತ್ತ ಮತ್ತು ಸುಣ್ಣ. ಆ ದಿನ ಈ ಕುಂಡಗಳನ್ನು ಮನೆಯೊಳಗೆ ಇಟ್ಟುಬಿಡಿ.