ಪೆರೋ ಯಾರ ಓಟು ಒಡೆದರು?

ಎಲ್ಲರಿಗೂ ನಮಸ್ಕಾರ.

ನಮ್ಮ ಕಡೆ ಯಾರಾದರೂ ಪಕ್ಷೇತರರಾಗಿ ನಾಮಪತ್ರ ಹಾಕಿದರೆ ಸಾಕು, ಮೊದಲು ಬರುವ ಮಾತು ಒಂದೇ: “ಇವರು ಯಾರ ಓಟು ಒಡೀತಾರೆ?” ಅವರು ಏನು ಹೇಳುತ್ತಿದ್ದಾರೆ ಅಂತ ಕೇಳುವವರು ಕಡಿಮೆ. ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲೂ ಇದೇ ಕಥೆ. ಮೂರನೆಯವರು ಕಣಕ್ಕೆ ಇಳಿದರೆ ಡೆಮಾಕ್ರಟರೂ ರಿಪಬ್ಲಿಕನ್ನರೂ ಈ ಲೆಕ್ಕವನ್ನೇ ಹಾಕುತ್ತಾ ಕೂರುತ್ತಾರೆ. ಆ ಲೆಕ್ಕ ನೋಡಿದರೆ ಅರ್ಧ ಕಥೆ ಮಾತ್ರ ಕಾಣುತ್ತದೆ ಅಂತ ನನ್ನ ನಂಬಿಕೆ. 1992ರಲ್ಲಿ ಪಕ್ಷೇತರರಾಗಿ ಅಧ್ಯಕ್ಷ ಸ್ಥಾನಕ್ಕೆ ನಿಂತ ರಾಸ್ ಪೆರೋ ಅವರನ್ನು ಮುಂದಿಟ್ಟುಕೊಂಡು ಇವತ್ತು ಅದನ್ನೇ ಹೇಳುತ್ತೇನೆ.

ಪೆರೋ ಟೆಕ್ಸಾಸ್‌ನವರು. ಕಂಪ್ಯೂಟರ್ ಸೇವೆಯ ಕಂಪನಿ ಕಟ್ಟಿ ಶ್ರೀಮಂತರಾದವರು. 1992ರ ಫೆಬ್ರವರಿಯಲ್ಲಿ ಲ್ಯಾರಿ ಕಿಂಗ್ ಅವರ ಟಿವಿ ಕಾರ್ಯಕ್ರಮದಲ್ಲಿ ಕೂತು, ಐವತ್ತೂ ರಾಜ್ಯಗಳ ಮತಪತ್ರದಲ್ಲಿ ಜನರೇ ನನ್ನ ಹೆಸರು ತಂದರೆ ನಿಲ್ಲುತ್ತೇನೆ ಅಂದರು. ಇದು ಸಣ್ಣ ಕೆಲಸವಲ್ಲ. ಅಲ್ಲಿ ಒಂದು ಕಚೇರಿಯಲ್ಲಿ ನಾಮಪತ್ರ ಕೊಟ್ಟರೆ ಮುಗಿಯುವುದಿಲ್ಲ. ಒಂದೊಂದು ರಾಜ್ಯಕ್ಕೂ ಬೇರೆ ನಿಯಮ, ಬೇರೆ ಗಡುವು. ದೊಡ್ಡ ರಾಜ್ಯಗಳಲ್ಲಿ ಸಾವಿರಗಟ್ಟಲೆ ಅಲ್ಲ, ಲಕ್ಷದ ಲೆಕ್ಕದಲ್ಲಿ ಮತದಾರರ ಸಹಿ ಬೇಕಾಗುತ್ತದೆ. ಸ್ವಯಂಸೇವಕರು ಅದನ್ನು ಮಾಡಿ ತೋರಿಸಿದರು. ಜೂನ್ ಹೊತ್ತಿಗೆ ಗ್ಯಾಲಪ್ ಸಮೀಕ್ಷೆಯಲ್ಲಿ ಪೆರೋ, ಆಗಿನ ಅಧ್ಯಕ್ಷ ರಿಪಬ್ಲಿಕನ್ ಪಕ್ಷದ ಬುಷ್, ಡೆಮಾಕ್ರಟ್ ಅಭ್ಯರ್ಥಿ ಕ್ಲಿಂಟನ್ ಇಬ್ಬರಿಗಿಂತಲೂ ಮುಂದಿದ್ದರು!

ಜುಲೈ 16ರಂದು ಇದ್ದಕ್ಕಿದ್ದ ಹಾಗೆ ಹಿಂದೆ ಸರಿದರು. ಬಿಸಿಲಲ್ಲಿ ನಿಂತು ಸಹಿ ಕೂಡಿಸಿದವರಿಗೆ ಹೇಗಾಗಿರಬೇಕು ಹೇಳಿ. ಅಕ್ಟೋಬರ್ 1ಕ್ಕೆ ಮತ್ತೆ ಬಂದರು. ಬಂದವರು ಮಾಡಿದ್ದು ನನಗೆ ಇವತ್ತಿಗೂ ಮೆಚ್ಚುಗೆಯ ವಿಷಯ. ಸ್ವಂತ ದುಡ್ಡಲ್ಲಿ ಟಿವಿಯ ಅರ್ಧ ಗಂಟೆ ಕೊಂಡುಕೊಂಡು, ಕೈಯಲ್ಲಿ ಕಡ್ಡಿ ಹಿಡಿದು, ಗ್ರಾಫ್ ತೋರಿಸಿ ದೇಶದ ಸಾಲದ ಪಾಠ ಮಾಡಿದರು. ಆ ವರ್ಷ ಸರ್ಕಾರದ ಖರ್ಚು ಆದಾಯಕ್ಕಿಂತ 29,000 ಕೋಟಿ ಡಾಲರ್ ಜಾಸ್ತಿ ಇತ್ತು. ಇಂಥ ಒಣ ಲೆಕ್ಕ ಕೇಳಲು ಕೋಟಿಗೂ ಹೆಚ್ಚು ಜನ ಟಿವಿ ಮುಂದೆ ಕೂತರು. ಮತದಾರನಿಗೆ ಗಂಭೀರ ವಿಷಯ ಬೇಡ ಅನ್ನುವವರು ಇದನ್ನು ನೆನಪಿಡಬೇಕು.

ಫಲಿತಾಂಶ ಬಂತು. ಕ್ಲಿಂಟನ್‌ಗೆ ಶೇ. 43, ಬುಷ್‌ಗೆ ಶೇ. 37.4, ಪೆರೋಗೆ ಶೇ. 18.9. ಅಂದರೆ ಹೆಚ್ಚುಕಡಿಮೆ ಎರಡು ಕೋಟಿ ಓಟು. ಅಲ್ಲಿ ಅಧ್ಯಕ್ಷರನ್ನು ಕೊನೆಗೆ ಆರಿಸುವುದು ಒಂದೊಂದು ರಾಜ್ಯದ ಪ್ರತಿನಿಧಿಗಳಾದ ಎಲೆಕ್ಟರುಗಳು. ಅವರ ಮತ ಪೆರೋಗೆ ಎಷ್ಟು? ಸೊನ್ನೆ. ಬಹುಪಾಲು ರಾಜ್ಯಗಳಲ್ಲಿ ಮೊದಲು ಬಂದವರಿಗೇ ಆ ರಾಜ್ಯದ ಎಲ್ಲ ಎಲೆಕ್ಟರ್ ಮತಗಳೂ ಹೋಗುತ್ತವೆ. ದೇಶವಿಡೀ ಹರಡಿಕೊಂಡ ಬೆಂಬಲಕ್ಕೆ ಅಲ್ಲಿ ಬೆಲೆ ಇಲ್ಲ. 1968ರಲ್ಲಿ ಜಾರ್ಜ್ ವಾಲೇಸ್ ಇದಕ್ಕಿಂತ ಕಡಿಮೆ ಓಟು ಪಡೆದು, ದಕ್ಷಿಣದ ಐದು ರಾಜ್ಯ ಗೆದ್ದಿದ್ದರು. ಅವರ ಬೆಂಬಲ ಒಂದೇ ಕಡೆ ಗಟ್ಟಿಯಾಗಿತ್ತು, ಅಷ್ಟೇ ವ್ಯತ್ಯಾಸ.

ಪೆರೋ ಬುಷ್ ಅವರನ್ನು ಸೋಲಿಸಿದರು ಅಂತ ಎಷ್ಟೋ ಜನ ಈಗಲೂ ಹೇಳುತ್ತಾರೆ. ಮತ ಹಾಕಿ ಹೊರಬಂದವರನ್ನು ಅವತ್ತೇ ಕೇಳಿದ್ದರು: ಪೆರೋ ಇಲ್ಲದಿದ್ದರೆ ಯಾರಿಗೆ ಹಾಕುತ್ತಿದ್ದಿರಿ? ಉತ್ತರ ಹೆಚ್ಚುಕಡಿಮೆ ಸಮಸಮ. ಉಳಿದವರಲ್ಲಿ ಅನೇಕರು ಮತಗಟ್ಟೆಗೇ ಬರುತ್ತಿರಲಿಲ್ಲ ಅಂದರು. ಮೇನ್ ರಾಜ್ಯದಲ್ಲಿ, ಬುಷ್ ಕುಟುಂಬದ ಬೇಸಿಗೆ ಮನೆ ಇರುವ ರಾಜ್ಯದಲ್ಲೇ, ಪೆರೋ ಬುಷ್‌ರನ್ನು ಮೂರನೇ ಜಾಗಕ್ಕೆ ತಳ್ಳಿದರು. ಯೂಟಾದಲ್ಲಿ ಕ್ಲಿಂಟನ್ ಮೂರನೆಯವರಾದರು. ಅವು ಇಬ್ಬರಲ್ಲಿ ಒಬ್ಬರ ಸ್ವತ್ತಾಗಿದ್ದ ಓಟುಗಳಲ್ಲ.

ನಿಜವಾದ ಪರಿಣಾಮ ಆಮೇಲೆ ಕಂಡಿತು. ಎರಡು ಕೋಟಿ ಜನ ಸಾಲದ ಬಗ್ಗೆ ಚಿಂತೆ ಇದೆ ಅಂತ ಓಟು ಹಾಕಿ ಹೇಳಿದ್ದನ್ನು ಎರಡೂ ಪಕ್ಷ ಕೇಳಿಸಿಕೊಂಡವು. ಮಧ್ಯಮ ವರ್ಗದ ತೆರಿಗೆ ಇಳಿಸುತ್ತೇನೆ ಅಂದಿದ್ದ ಕ್ಲಿಂಟನ್, ಗೆದ್ದ ಮೇಲೆ ಆ ಮಾತು ಬಿಟ್ಟು ಕೊರತೆ ತಗ್ಗಿಸುವ ಬಜೆಟ್ ತಂದರು. 1993ರಲ್ಲಿ ಅದು ಕೆಳಮನೆಯಲ್ಲಿ 218–216ರಲ್ಲಿ ಪಾಸಾಯಿತು. ರಿಪಬ್ಲಿಕನ್ನರು 1994ರ ಪ್ರಣಾಳಿಕೆಯಲ್ಲಿ ಸರಿದೂಗುವ ಬಜೆಟ್, ಸಂಸದರ ಅವಧಿಗೆ ಮಿತಿ ಎರಡನ್ನೂ ಸೇರಿಸಿಕೊಂಡು, 40 ವರ್ಷದ ನಂತರ ಕೆಳಮನೆ ಗೆದ್ದರು. 1998ರಲ್ಲಿ ಬಜೆಟ್‌ನಲ್ಲಿ ಹಣ ಉಳಿಯಿತು. 1969ರ ನಂತರ ಅದೇ ಮೊದಲು. ಆರ್ಥಿಕತೆ ಚೆನ್ನಾಗಿತ್ತು, ತೆರಿಗೆ ಹರಿದುಬಂತು, ಎಲ್ಲವೂ ಪೆರೋ ಪುಣ್ಯ ಅಂತ ನಾನು ಹೇಳುವುದಿಲ್ಲ. ಆದರೆ ಆ ವಿಷಯವನ್ನು ಮೇಜಿನ ಮೇಲೆ ಇಟ್ಟವರು ಅವರೇ. ಕೆನಡಾ, ಮೆಕ್ಸಿಕೊ ಜೊತೆಗಿನ ನಾಫ್ಟಾ ವ್ಯಾಪಾರ ಒಪ್ಪಂದದ ವಿರುದ್ಧ ಹೋರಾಡಿ ಅವರು ಆಗ ಸೋತರು. 2016ರಲ್ಲಿ ಟ್ರಂಪ್ ಅದೇ ಸಿಟ್ಟನ್ನು ರಿಪಬ್ಲಿಕನ್ ಪಕ್ಷದೊಳಗೇ ತಂದು ಗೆದ್ದರು.

ಪಕ್ಷಗಳು ಇನ್ನೊಂದು ಪಾಠವನ್ನೂ ಕಲಿತವು, ಅದು ನನಗೆ ಬೇಸರ ತರುತ್ತದೆ. 1992ರಲ್ಲಿ ಅಧ್ಯಕ್ಷ ಅಭ್ಯರ್ಥಿಗಳ ಮೂರೂ ಟಿವಿ ಚರ್ಚೆಗಳಲ್ಲಿ ಪೆರೋ ಇದ್ದರು. 1996ರಲ್ಲಿ ಅವರನ್ನು ಕರೆಯಲಿಲ್ಲ. 2000ದಿಂದ ಸಮೀಕ್ಷೆಯಲ್ಲಿ ಶೇ. 15 ಬಂದರೆ ಮಾತ್ರ ಪ್ರವೇಶ ಅನ್ನುವ ನಿಯಮ ಬಂತು. ವೇದಿಕೆ ಸಿಗದೆ ಶೇ. 15 ಹೇಗೆ ಬರಬೇಕು? ಅದೇ ವರ್ಷ ಫ್ಲಾರಿಡಾದಲ್ಲಿ ಗೆದ್ದ ಬುಷ್ (1992ರ ಬುಷ್ ಅವರ ಮಗ), ಸೋತ ಡೆಮಾಕ್ರಟ್ ಗೋರ್ ನಡುವಿನ ಅಂತರ 537 ಓಟು. ಗ್ರೀನ್ ಪಕ್ಷದ ನೇಡರ್‌ಗೆ 97,488. ಅಲ್ಲಿ ಗೋರ್ ಓಟು ಒಡೆದದ್ದು ನಿಜ, ಇಲ್ಲ ಅನ್ನಲಾರೆ. ಆ ಭಯ ಇನ್ನೂ ಹೋಗಿಲ್ಲ. 2024ರಲ್ಲಿ ರಾಬರ್ಟ್ ಕೆನಡಿ ಜೂನಿಯರ್ ಪಕ್ಷೇತರರಾಗಿ ಓಡಾಡಿ, ಆಗಸ್ಟ್‌ನಲ್ಲಿ ಪ್ರಚಾರ ನಿಲ್ಲಿಸಿ ಟ್ರಂಪ್ ಜೊತೆ ಸೇರಿ, ಮುಂದೆ ಆರೋಗ್ಯ ಸಚಿವರಾದರು. ಒಂದು ಪಕ್ಷ ಮೂರನೆಯವರನ್ನು ಒಳಗೆ ಎಳೆದುಕೊಳ್ಳುವುದೂ ಹೀಗೇ.

ಈ ಗೊಂದಲಕ್ಕೆ ಸುಮ್ನೆ ಅಭ್ಯರ್ಥಿಯನ್ನು ಬೈದರೆ ಆಗುವುದಿಲ್ಲ, ಮತ ಎಣಿಸುವ ರೀತಿ ನೋಡಬೇಕು. ನಮ್ಮ ರಾಷ್ಟ್ರಪತಿ ಚುನಾವಣೆಯಲ್ಲಿ ಶಾಸಕರು, ಸಂಸದರು 1, 2, 3 ಅಂತ ಪ್ರಾಶಸ್ತ್ಯ ಬರೆಯುತ್ತಾರೆ ಅಲ್ವಾ? 1969ರಲ್ಲಿ ಪಕ್ಷೇತರ ವಿ.ವಿ. ಗಿರಿ ಗೆದ್ದದ್ದು ಎರಡನೇ ಪ್ರಾಶಸ್ತ್ಯ ಎಣಿಸಿದ ಮೇಲೆಯೇ.

ಮೇನ್ ರಾಜ್ಯ 2020ರಿಂದ ಅಧ್ಯಕ್ಷ ಚುನಾವಣೆಗೂ ಇಂಥದ್ದೇ ಪದ್ಧತಿ ತಂದಿದೆ. ಯಾರಿಗೂ ಅರ್ಧಕ್ಕಿಂತ ಹೆಚ್ಚು ಬರದಿದ್ದರೆ ಕೊನೆಯವರನ್ನು ತೆಗೆದು, ಅವರ ಮತದಾರರ ಮುಂದಿನ ಆಯ್ಕೆ ಎಣಿಸುತ್ತಾರೆ. ಪೆರೋ ಎರಡನೆಯವರಾಗಿ ಬಂದಿದ್ದ ರಾಜ್ಯ ಅದು. ಅಲ್ಲೀಗ ಮನಸ್ಸಿಗೆ ಬಂದವರಿಗೆ 1 ಅಂತ ಬರೆಯಲು ಯಾರೂ ಹೆದರಬೇಕಿಲ್ಲ.